ಹನ್ನೆರಡನೇ ಕೋಣೆಯ ರೇಡಿಯೊ

ಐರನ್ ಕೋವ್, ಮಿಶಿಗನ್
೧೫ ಅಕ್ಟೋಬರ್ ೧೯೯೪

ಅಪ್ಪಾ,

ಏಪ್ರಿಲ್‌ನಿಂದ ನಾನು ನಿನಗೆ ಒಂದಕ್ಷರ ಬರೆದಿಲ್ಲ. ನೀನೂ ಬರೆದಿಲ್ಲ. ಯಾರು ಮೊದಲು ಬರೆಯುತ್ತಾರೋ ನೋಡೇಬಿಡೋಣ ಎಂದು ಇಬ್ಬರೂ ಹಟ ಹಿಡಿದು ಕೂತಿದ್ದೆವು. ಸೋತವಳು ನಾನೇ ಎಂದಿಟ್ಟುಕೋ. ನಿನ್ನೆಯಿಂದ ನನಗೆ ತಲೆಬುಡ ತಿಳಿಯುತ್ತಿಲ್ಲ, ಊರಿನಲ್ಲಿ ಯಾರನ್ನಾದರೂ ಕೇಳಿದರೆ ಸಂಜೆಯೊಳಗೆ ಬೇಕರಿಯಲ್ಲಿ ಅದೇ ಮಾತು. ನಿನ್ನ ಹಡಗಿಗಾದರೆ ಸುದ್ದಿ ಟಪಾಲು ದೋಣಿಯಲ್ಲಿ ಬಂದು, ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಕೂತು ಮೇಲೇರಬೇಕು. ಗುಟ್ಟಿಗೆ ಅಷ್ಟು ದೂರ ಸಾಕು.

ನಿನ್ನೆ ಮಧ್ಯಾಹ್ನ ನಾಲ್ಕನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಹಲಗೆಯ ಮೇಲೆ ನಮ್ಮೂರಿನ ಮಾಂಸದ ಕಡುಬು ಪ್ಯಾಸ್ಟಿಯನ್ನೇ ಅರ್ಧ, ಕಾಲು ಎಂದು ಬರೆದಿದ್ದೆ. ಮಕ್ಕಳಿಗೆ ಭಿನ್ನರಾಶಿ ತಿಳಿಯಲಿಲ್ಲ, ಹಸಿವು ಮಾತ್ರ ಆಯಿತು. ಅಷ್ಟರಲ್ಲಿ ಹೊರಗೆ ತುತ್ತೂರಿ ಊದಿದ ಸದ್ದು. ಬಾಗಿಲು ದಬಾರನೆ ತೆರೆದು ನಮ್ಮ ಶಾಲೆಗಳ ಪ್ರತಿಷ್ಠಾನದವರು ಒಳಗೆ ನುಗ್ಗಿದರು. ನೀಲಿ ಬಲೂನು, ಹಳದಿ ಬಲೂನು, ಪೇಪರಿನ ಫೋಟೊದವನು, ಮುಂದೆ ಹಲ್ಲಿನ ಡಾಕ್ಟರ್ ಪೆನ್‌ಬರ್ತಿ. ಅವರ ಈ ಮೆರವಣಿಗೆ ನಿನಗೆ ಗೊತ್ತಲ್ಲ. ವರ್ಷವಿಡೀ ಪ್ಯಾಸ್ಟಿ ಮಾರಿ, ಹಳೇ ಸಾಮಾನಿನ ಸಂತೆ ನಡೆಸಿ ಕೂಡಿಸಿದ್ದನ್ನು ಅಕ್ಟೋಬರ್ ಬಂತೆಂದರೆ ಟೀಚರುಗಳ ಅರ್ಜಿ ನೋಡಿ ಹಂಚುತ್ತಾರೆ. ಆದರೆ ಯಾರಿಗೆ ಸಿಕ್ಕಿತೆಂದು ಮೊದಲೇ ಹೇಳುವುದಿಲ್ಲ. ಬಲೂನು ಯಾವ ಬಾಗಿಲಿಗೆ ಬಂತೋ ಅವರಿಗೆ.

"ಐಲಿ ಕೆಸ್ತಿ! ಈ ವರ್ಷದ ದೊಡ್ಡ ಉಡುಗೊರೆ ನಿನಗೇ ಕಣಮ್ಮ!" ಎಂದು ಡಾಕ್ಟರು ಕೂಗಿದರು. ಏನು ಗೊತ್ತೇ? ತರಗತಿಯಲ್ಲಿ ಕೂತು ಸರೋವರದ ಹಡಗುಗಳ ಮಾತು ಕೇಳುವ, ಅವರ ಜೊತೆ ಮಾತಾಡುವ ರೇಡಿಯೊ. ಮಾಳಿಗೆಯ ಮೇಲೆ ಕಂಬ, ಬಂದರು ಕಚೇರಿಯ ಪರವಾನಗಿ ಎಲ್ಲ ಸಮೇತ.

ಅಪ್ಪಾ, ನಾನು ಅರ್ಜಿಯನ್ನೇ ಹಾಕಿರಲಿಲ್ಲ.

ಹಾಗೆಂದು ಹೇಳಲು ಬಾಯಿ ತೆರೆದೆ. ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದರು, ಒಬ್ಬಳಂತೂ ನನ್ನ ಸೊಂಟ ತಬ್ಬಿ ಬಿಡಲೇ ಇಲ್ಲ. ಪಕ್ಕದ ಕೋಣೆಯ ವರ್ನಾ ಟ್ರೆವಾರೊ ಟೀಚರ್ ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಬಾಯಿಂದ ಬಂದದ್ದು "ಥ್ಯಾಂಕ್ಸ್" ಒಂದೇ.

ಇನ್ನೊಂದು ವಿಷಯವನ್ನು ವರ್ನಾ ಟೀಚರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಕ್ರಿಸ್‌ಮಸ್ಸಿಗೆ ನಾನು ಈ ಕೆಲಸ ಬಿಡುತ್ತಿದ್ದೇನೆ. ಗ್ರ್ಯಾಂಡ್ ರಾಪಿಡ್ಸಿನಲ್ಲಿ ವಿಮಾ ಕಚೇರಿಯವರು ಕರೆದಿದ್ದಾರೆ. ಎರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ; ಗೋಡೆಗೆ ಹೇಳಿದಂತಿದೆ. ನನ್ನನ್ನು ಕಾಲೇಜಿಗೆ ಕಳಿಸಿದ್ದೂ ಇದೇ ಪ್ರತಿಷ್ಠಾನ. ಆಗಿನ ಫೋಟೊ ಬ್ಯಾಂಕಿನ ಗೋಡೆಯ ಮೇಲೆ ಇನ್ನೂ ನಗುತ್ತಿದೆ, ಅದಕ್ಕೆ ಹೆದರಿ ನಾನು ಬೇರೆ ಬಾಗಿಲಿಂದ ಒಳಗೆ ಹೋಗುತ್ತೇನೆ. ಈಗ ಬಲೂನು ಬೇರೆ. ಬಿಟ್ಟು ಹೋಗುವವಳ ಕೊರಳಿಗೆ ಹಾರ ಹಾಕಿದಂತಾಯಿತು.

ಹಡಗಿನ ರೇಡಿಯೊ ಎಂದ ಮೇಲೆ ನನಗೆ ಹೊಳೆದ ಹೆಸರು ನಿನ್ನದು. ನೀನು ಎರಡನೇ ಮೇಟ್, ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ. ದಿನಾ ಮಧ್ಯಾಹ್ನದ ಕಾವಲಿನ ಪಾಳಿಯಲ್ಲಿ ರೇಡಿಯೊ ಹಿಡಿದು "ಇಲ್ಲಿದ್ದೇವೆ, ಹೀಗೆ ಬರುತ್ತಿದ್ದೇವೆ" ಎಂದು ಸಾರುವವನು ನೀನೇ. ನಿಜ ಹೇಳು, ನನ್ನ ಹೆಸರಲ್ಲಿ ಡಾಕ್ಟರ ಹತ್ತಿರ ಏನಾದರೂ ಹೇಳಿದೆಯಾ? ಮಗಳು ಮಾತಾಡಲೊಲ್ಲಳು, ಹೀಗಾದರೂ ಮಾತಾಡಲಿ ಎಂದುಕೊಂಡೆಯಾ?

ಬೈಯಬೇಕೋ ಅಳಬೇಕೋ ಗೊತ್ತಿಲ್ಲದೆ ಕೂತಿದ್ದೇನೆ. ಬೇಗ ಬರೆ.

ಐಲಿ

*

ಮಾರ್ಕಸ್ ಹ್ಯಾಡ್ಲಿ ಹಡಗು, ಡೆಟ್ರಾಯಿಟ್ ನದಿ
೨೬ ಅಕ್ಟೋಬರ್

ಮಗಳೇ,

ಬಕೆಟ್ಟಿನಲ್ಲಿ ನಿನ್ನ ಕೈಬರಹ ಕಂಡು ಮೊದಲು ಹೆದರಿದೆ. ನಮ್ಮ ಮನೆಯಲ್ಲಿ ಕಾಗದ ಬಂದರೆ ಕೆಟ್ಟ ಸುದ್ದಿಯೇ ಎಂದು ರೂಢಿಯಾಗಿಬಿಟ್ಟಿದೆ. ನಿಂತೇ ಓದಿದೆ. ಆಮೇಲೆ ಕೂತು ಓದಿದೆ.

ನಾನು ಯಾರ ಹತ್ತಿರವೂ ಏನೂ ಹೇಳಿಲ್ಲ. ಪೆನ್‌ಬರ್ತಿ ನನ್ನ ದವಡೆ ಹಲ್ಲು ಕಿತ್ತ ದಿನದಿಂದ ಅವನ ಮುಖ ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಅರ್ಜಿ ಬರೆಯುವ ಗಂಡಸಾಗಿದ್ದರೆ ನಾನು ಇಷ್ಟು ಹೊತ್ತಿಗೆ ಕ್ಯಾಪ್ಟನ್ ಆಗಿರುತ್ತಿದ್ದೆ.

ಹಾಗಾದರೆ ಯಾರು? ನಾನು ಅಷ್ಟು ದಡ್ಡನಲ್ಲ ಐಲಿ. ನೀನೇ ಬರೆದಿದ್ದೀಯ. ಬರೆದು, ಈಗ ನಾಚಿಕೆಯಾಗಿ ನನ್ನ ತಲೆಗೆ ಕಟ್ಟುತ್ತಿದ್ದೀಯ. ಸಣ್ಣವಳಿದ್ದಾಗ ಏಲಕ್ಕಿ ಬ್ರೆಡ್ಡಿನ ಮೇಲಿನ ಸಕ್ಕರೆಯನ್ನೆಲ್ಲ ನೆಕ್ಕಿಬಿಟ್ಟು, "ಅಪ್ಪ ತಿಂದ್ರು" ಎಂದು ಹೇಳುತ್ತಿದ್ದವಳು ನೀನು. ಆಗ ನಾನು ಸರೋವರದ ಮಧ್ಯದಲ್ಲಿರುತ್ತಿದ್ದೆ!

ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ. ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. "ಏನೋ ರೈನೊ, ಇನ್ನು ಮೇಲೆ ರೇಡಿಯೊದಲ್ಲಿ ಬಾಯಿಗೆ ಬಂದಂಗೆ ಮಾತಾಡೋ ಹಾಗಿಲ್ಲ, ಮಕ್ಕಳು ಕೇಳಿಸ್ಕೊತಾರೆ" ಎಂದು ಇಂಜಿನ್ನಿನವರು ಗೋಳು ಹೊಯ್ದುಕೊಳ್ಳುತ್ತಿದ್ದಾರೆ. ಅಡಿಗೆಯವನು ನನ್ನ ಹೆಸರಿನಲ್ಲಿ ಸೇಬಿನ ಕಡುಬು ಮಾಡಿದ. ಕ್ಯಾಪ್ಟನ್ ಮಾತ್ರ, "ನಿನ್ ಮಗಳು ನಿನ್ ಜೊತೆ ಮಾತಾಡಲ್ಲ ಅಂತಿದ್ದೆ?" ಎಂದರು. "ಈಗ ಮಾತಾಡ್ತಾಳೆ ಸಾರ್" ಎಂದೆ.

ನಿನ್ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಹಡಗುಗಳ ಮಾತು ಕೇಳುವ ಆ ಸಣ್ಣ ರೇಡಿಯೊ ಇಟ್ಟುಕೊಂಡಿದ್ದಳಲ್ಲ, ಅದನ್ನು ನೋಡಿಯೇ ನಿನಗೆ ಇದು ಹೊಳೆದಿರಬೇಕು. ಅದು ಅಲ್ಲೇ ಇದೆಯೇ? ಧೂಳು ಒರೆಸುತ್ತಿರು.

ಕೆಲಸ ಬಿಡುವ ಮಾತು ನನಗೆ ಅರ್ಥವಾಗಲಿಲ್ಲ. ರೇಡಿಯೊ ಕೇಳಿ ಪಡೆದವಳು ಅದನ್ನು ಬಿಟ್ಟು ಯಾಕೆ ಹೋಗುತ್ತಾಳೆ? ಅದೂ ತಮಾಷೆಯೇ ಇರಬೇಕು.

ನಿನ್ನ ಅಪ್ಪ,
ರೈನೊ

*

ಐರನ್ ಕೋವ್
೫ ನವೆಂಬರ್

ಅಪ್ಪಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸೇಬಿನ ಕಡುಬಿನ ಮಾತು ಓದಿದ ಮೇಲೆ ಈ ಕಾಗದ ಬರೆಯದೇ ಇದ್ದರೆ ಆಗದೇ ಎಂದು ಯೋಚಿಸಿದೆ. ಆಗದು. ನೀನು ಜನವರಿಯಲ್ಲಿ ಮನೆಗೆ ಬಂದು ಬೇಕರಿಯಲ್ಲಿ ಕೇಳಿ ತಿಳಿಯುವುದಕ್ಕಿಂತ ನಾನೇ ಹೇಳುವುದು ವಾಸಿ.

ರೇಡಿಯೊ ಕೇಳಿದ್ದು ನಾನಲ್ಲ.

ಡಾಕ್ಟರ್ ಪೆನ್‌ಬರ್ತಿಯವರ ಕ್ಲಿನಿಕ್ಕಿಗೇ ಹೋದೆ. ಯಾರದೋ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡಿದ್ದರು. "ನನ್ನ ಅರ್ಜಿಯಲ್ಲಿ ಏನಿತ್ತು ಡಾಕ್ಟರೇ?" ಎಂದೆ. "ನೀನೇ ಬರೆದು ನನ್ನ ಕೇಳ್ತೀಯಲ್ಲಮ್ಮ! ಓದಿ ನಮ್ಮ ಕಮಿಟಿ ಹೆಂಗಸರೆಲ್ಲ ಕಣ್ಣು ಒರೆಸ್ಕೊಂಡ್ರು. ಅದೇ, ನಿನ್ನ ತರಗತಿಯ ಆ ಹುಡುಗಿ, ಅವರಮ್ಮ ಹಡಗಲ್ಲಿ ಅಡಿಗೆ ಮಾಡ್ತಾಳಲ್ಲ, ಕೆಲ್ಸಿ..." ಎಂದರು. ಕುರ್ಚಿಯಲ್ಲಿದ್ದವನು ಬಾಯಿ ತೆರೆದುಕೊಂಡೇ ತಲೆಯಾಡಿಸಿದ, ಅವನೂ ಕಮಿಟಿಯವನೇ.

ಕೆಲ್ಸಿ ನನ್ನ ತರಗತಿಯವಳಲ್ಲ. ವರ್ನಾ ಟೀಚರ ತರಗತಿಯವಳು.

ಆದದ್ದು ಇಷ್ಟು. ಊರು ಸಣ್ಣದು, ಅರ್ಜಿ ಓದುವವರೆಲ್ಲ ಯಾರಾದರೊಬ್ಬ ಟೀಚರಿಗೆ ಅತ್ತೆ, ಇಲ್ಲವೇ ಭಾವ. ಪಕ್ಷಪಾತ ಬೇಡವೆಂದು ಪ್ರತಿಷ್ಠಾನದವರು ಅರ್ಜಿಯಲ್ಲಿ ಹೆಸರು ಬರೆಸುವುದಿಲ್ಲ, ಕೋಣೆಯ ಸಂಖ್ಯೆ ಮಾತ್ರ. ವರ್ನಾ ಟೀಚರ್ ಬರೆದದ್ದು ಹನ್ನೆರಡು. ಆ ಕೋಣೆಯಲ್ಲಿ ಅವರು ಇಪ್ಪತ್ತು ವರ್ಷ ಇದ್ದರು. ಅಲ್ಲಿ ಚಳಿ ಹೆಚ್ಚು, ಅವರ ಮಂಡಿಗೆ ಆಗದು ಎಂದು ಈ ಸೆಪ್ಟೆಂಬರ್‌ನಲ್ಲಿ ಪಕ್ಕದ ನನ್ನ ಬೆಚ್ಚಗಿನ ಕೋಣೆಯನ್ನು ಅವರಿಗೆ ಬಿಟ್ಟು, ನಾನು ಗೊಣಗಿಕೊಂಡು ಹನ್ನೆರಡಕ್ಕೆ ಬಂದೆ. ಬಲೂನು ಹನ್ನೆರಡನ್ನು ಹುಡುಕಿಕೊಂಡು ಬಂತು. ಒಳಗೆ ನಾನಿದ್ದೆ.

ತಮ್ಮ ರೇಡಿಯೊ ನನ್ನ ಪಾಲಾದದ್ದನ್ನು ನೋಡಿ ಆ ಹೆಂಗಸು ಚಪ್ಪಾಳೆ ತಟ್ಟುತ್ತ ನಿಂತಿದ್ದರು! ಮೂರು ವಾರವಾಯಿತು, ಒಂದು ಮಾತಿಲ್ಲ. ಸ್ಟಾಫ್ ರೂಮಿನಲ್ಲಿ ಕಾಫಿ ಬಗ್ಗಿಸಿ ಕೊಡುತ್ತಾರೆ, ಸ್ವೆಟರ್ ಹೆಣೆಯುತ್ತಾರೆ, ಹವೆಯ ಸುದ್ದಿ ಆಡುತ್ತಾರೆ. ನನಗೂ ಬಾಯಿ ಬರುತ್ತಿಲ್ಲ. ಮಕ್ಕಳು ದಿನಾ ಬಂದು "ಮಿಸ್, ರೇಡಿಯೊ ಬಂತಾ?" ಎನ್ನುತ್ತಾರೆ. ವಿಚಿತ್ರವೆಂದರೆ, ಬಲೂನು ಬಂದ ಮೇಲೆ ಅವರಿಗೆ ಭಿನ್ನರಾಶಿ ತಿಳಿಯತೊಡಗಿದೆ. ಟೀಚರಿಗೆ ಬಹುಮಾನ ಬಂದಿದೆ ಎಂದರೆ ಟೀಚರು ಹೇಳಿದ್ದು ಸರಿಯಿರಬೇಕು ಎಂದುಕೊಂಡಿವೆ ಪಾಪ. ಊರವರೂ ಬೀದಿಯಲ್ಲಿ ನಿಲ್ಲಿಸಿ ಕೈ ಕುಲುಕುತ್ತಾರೆ. ಕೋಣೆ ತಪ್ಪಾಯಿತು ಸರಿ, ನಾನೂ ತಪ್ಪೇ? ಕಾಲೇಜಿಗೆ ಕಳಿಸಿದಾಗಲೂ ಇವರು ಬೇರೆ ಯಾರ ಬಾಗಿಲನ್ನೋ ಹುಡುಕಿ ಬಂದಿದ್ದರೇನೋ ಎನಿಸುತ್ತಿದೆ.

ಇನ್ನು ಅಮ್ಮನ ರೇಡಿಯೊ. ಅದು ಕಿಟಕಿಯಲ್ಲಿಲ್ಲ. ಏಪ್ರಿಲ್‌ನಲ್ಲಿ ನೀನು ಹಡಗು ಹತ್ತಿದ ವಾರವೇ ಪ್ರತಿಷ್ಠಾನದ ಹಳೇ ಸಾಮಾನಿನ ಸಂತೆಗೆ ಕೊಟ್ಟುಬಿಟ್ಟೆ. ಯಾರು ಕೊಂಡರೋ ತಿಳಿಯದು. ಯಾಕೆಂದು ಈಗ ಕೇಳಬೇಡ.

ನಿನ್ನ ಮೇಜಿನವರಿಗೆ ಏನು ಹೇಳುತ್ತೀಯೋ ನನಗೆ ಗೊತ್ತಾಗುತ್ತಿಲ್ಲ.

ಐಲಿ

*

ಮಾರ್ಕಸ್ ಹ್ಯಾಡ್ಲಿ
೧೪ ನವೆಂಬರ್

ಐಲಿ,

ಕಾಗದ ತಲುಪಿತು. ಎರಡು ದಿನದಿಂದ ವಾಯವ್ಯದ ಗಾಳಿ, ಆಸರೆಗೆಂದು ಕೊಲ್ಲಿಯಲ್ಲಿ ಲಂಗರು ಹಾಕಿದ್ದೇವೆ. ಡೆಕ್ಕಿನ ಮೇಲೆಲ್ಲ ಮಂಜುಗಡ್ಡೆ.

ಮೇಜಿನವರಿಗೆ ಏನೂ ಹೇಳಿಲ್ಲ. ನನಗೇ ಸರಿಯಾಗಿ ಅರ್ಥವಾಗಿಲ್ಲ, ಅವರಿಗೇನು ಹೇಳಲಿ.

ಸಂತೆಗೆ ಕೊಟ್ಟದ್ದು ಕೊಟ್ಟಾಯಿತು. ನೀನು ಕೇಳಬೇಡ ಎಂದಿದ್ದೀಯ, ಕೇಳುವುದಿಲ್ಲ.

ಮನೆಯ ಚಿಮಣಿ ಗುಡಿಸಿಸು.

ರೈನೊ

*

ಐರನ್ ಕೋವ್
೨೨ ನವೆಂಬರ್

ಅಪ್ಪಾ,

ಕೆಳಗೆ "ನಿನ್ನ ಅಪ್ಪ" ಎಂದು ಬರೆಯಲಿಲ್ಲ ನೀನು. ನೋಡಿದೆ. ಚಿಮಣಿ ಗುಡಿಸಿಸಿದ್ದೇನೆ.

ನನಗೆ ತಡೆಯಲಾಗಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿಷ್ಠಾನದ ಸಭೆ ಇತ್ತು. ಹೋಗಿ ಎದ್ದು ನಿಂತು ಎಲ್ಲ ಹೇಳಿಬಿಟ್ಟೆ.

"ಕಾಗದದಲ್ಲಿ ಹನ್ನೆರಡು ಅಂತಿತ್ತು. ನಾವು ಹನ್ನೆರಡಕ್ಕೇ ಹೋದ್ವಿ. ನಮ್ಮ ತಪ್ಪೇನು?" ಎಂದರು ಒಬ್ಬರು.

"ಬಲೂನು ಎಲ್ಲಿ ಹೋಯ್ತೋ ರೇಡಿಯೊ ಅಲ್ಲಿಗೇ. ಇಲ್ಲಾಂದ್ರೆ ಬಲೂನಿಗೇನು ಮರ್ಯಾದೆ?" ಎಂದರು ಇನ್ನೊಬ್ಬರು.

"ಫೋಟೊ ಪೇಪರಲ್ಲಿ ಬಂದಾಯ್ತು ಕಣಮ್ಮ," ಎಂದು ಡಾಕ್ಟರು ಹಣೆ ಒತ್ತಿಕೊಂಡರು. "ಈಗ ನಾಲ್ಕನೇ ಕ್ಲಾಸಿನ ಮಕ್ಕಳ ಕೈಯಿಂದ ಕಿತ್ಕೊಂಡ್ರು ಅಂದ್ರೆ ಮುಂದಿನ ವರ್ಷ ನಮ್ಮ ಪ್ಯಾಸ್ಟಿ ಯಾರು ತಿಂತಾರೆ? ಕೊಡದೇ ಇದ್ರೆ ವರ್ನಾಗೆ ಅನ್ಯಾಯ. ನನಗಂತೂ ತಲೆ ಓಡ್ತಿಲ್ಲಪ್ಪ."

ಯಾರಿಗೂ ತಲೆ ಓಡಲಿಲ್ಲ. ಹೆಸರು ಬರೆಸಬೇಕೋ ಬೇಡವೋ ಎಂದು ಬೇರೆಯೇ ಜಗಳ ಎದ್ದಿತು. ಮೂಲೆಯಲ್ಲಿ ಹೆಣೆಯುತ್ತಿದ್ದ ವರ್ನಾ ಟೀಚರ್ ಆಗ ಬಾಯಿಬಿಟ್ಟರು. "ಆ ಎರಡು ಕೋಣೆ ಮಧ್ಯೆ ಇರೋದು ಮಡಚೋ ಗೋಡೆ. ಹಾಕಿಸಿಕೊಟ್ಟೋರು ನೀವೇ, ಮರೆತ್ರಾ? ಚಕ್ರ ಕಚ್ಕೊಂಡು ಹತ್ತು ವರ್ಷದಿಂದ ಮುಚ್ಚಿದೆ. ಮೊದಲು ಕೊಟ್ಟದ್ದನ್ನ ರಿಪೇರಿ ಮಾಡಿ, ಆಮೇಲೆ ಹೊಸದರ ಜಗಳ ಆಡಿ."

ಮಾರನೆಯ ಶನಿವಾರ ಕಮಿಟಿಯೆಲ್ಲ ಎಣ್ಣೆಯ ಡಬ್ಬಿ, ಸುತ್ತಿಗೆ ಹಿಡಿದು ಬಂತು. ಡಾಕ್ಟರು ತಮ್ಮ ಹಲ್ಲಿನ ಉಪಕರಣದಿಂದಲೇ ಕಂಬಿಯಲ್ಲಿದ್ದ ಕಸ ಕೆರೆದರು. ಗೋಡೆ ಕಿರುಗುಟ್ಟಿ, ನಡುಗಿ, ಕಡೆಗೆ ಮಡಚಿಕೊಂಡಿತು. ಆಚೆ ಕೋಣೆಯ ಬೆಚ್ಚನೆಯ ಗಾಳಿ ಒಮ್ಮೆಲೇ ಈಚೆ ಬಂತು.

ಎಲ್ಲರೂ ಹೋದ ಮೇಲೆ ಕೇಳಿದೆ. "ಟೀಚರ್, ಅಂದೇ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಆ ಕೋಣೆಯಲ್ಲಿ ನೀನು ನಕ್ಕಿದ್ದನ್ನ ಅವತ್ತೇ ನೋಡಿದ್ದು ನಾನು. ಬರೋ ಜೂನ್‌ಗೆ ನನಗೆ ರಿಟೈರು. ನನ್ನ ರೇಡಿಯೊ ಆಗಿದ್ರೆ ಜುಲೈ ಹೊತ್ತಿಗೆ ಬೀರು ಸೇರೋದು ಕಣೆ."

"ಹಾಗಾದ್ರೆ ಹನ್ನೆರಡು ಅಂತ ಬೇಕೂಂತ್ಲೇ ಬರೆದ್ರಾ?"

"ಇಪ್ಪತ್ತು ವರ್ಷ ಬರೆದ ಕೈ. ತಾನಾಗೇ ಬರೀತು."

"ನಿಜವಾಗ್ಲೂ?"

"ಹೋಗು, ನಿನ್ನ ಕಾಪಿ ತಿದ್ಕೋ ಹೋಗು."

ಅದು ಮರೆವೋ, ಉಪಾಯವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರ ಮುಖ ನೋಡಿ ತಿಳಿಯುವಂತಿದ್ದರೆ ನಾಲ್ಕನೇ ತರಗತಿಯಲ್ಲಿ ಓದುವಾಗ ನಾನು ಅವರ ಹತ್ತಿರ ಅಷ್ಟು ಬೈಸಿಕೊಳ್ಳುತ್ತಿರಲಿಲ್ಲ.

ಮಾಳಿಗೆಯ ಮೇಲೆ ಕಂಬ ನಿಂತಿದೆ, ರೇಡಿಯೊ ಈಗ ಎರಡು ತರಗತಿಗೂ ಸೇರಿದ್ದು. ಈ ತಿಂಗಳ ಕೊನೆಗೆ ನೀವು ಅದಿರು ತುಂಬಲು ಹೋಗುವಾಗ ನಮ್ಮ ಭೂಶಿರ ಸುತ್ತಿಯೇ ಹೋಗಬೇಕಲ್ಲ. ನಿನ್ನ ಕಾವಲಿನ ಹೊತ್ತಿಗೆ ನಮಗೆ ಶಾಲೆ ಇರುತ್ತದೆ. ಕೆಲ್ಸಿ ಮತ್ತು ಉಳಿದ ಮಕ್ಕಳು ಹ್ಯಾಡ್ಲಿಯನ್ನೇ ಮೊದಲು ಕರೆಯುತ್ತೇವೆ ಎಂದು ಹಟ ಹಿಡಿದಿದ್ದಾರೆ. ನಾನು ಹೇಳಿಕೊಟ್ಟದ್ದಲ್ಲ. ಉತ್ತರ ಕೊಡಬೇಕೆಂದು ನಿನ್ನನ್ನು ಒತ್ತಾಯಿಸುವುದಿಲ್ಲ.

ವಿಮಾ ಕಚೇರಿಯವರು ಎರಡು ಸಲ ಫೋನ್ ಮಾಡಿದರು. ಏನೂ ಹೇಳಿಲ್ಲ.

ಐಲಿ

*

ಮಾರ್ಕಸ್ ಹ್ಯಾಡ್ಲಿ
೧ ಡಿಸೆಂಬರ್

ಮಗಳೇ,

ನಿನ್ನೆ ನಾನು ಎಲ್ಲರ ಮುಂದೆ ಪೆದ್ದನಾದೆ, ಅದಕ್ಕೆ ಈ ಕಾಗದ.

"ಹ್ಯಾಡ್ಲಿ, ಹ್ಯಾಡ್ಲಿ, ಹನ್ನೆರಡನೇ ಕೋಣೆಯಿಂದ. ಕೇಳಿಸ್ತಿದೆಯಾ?" ಎಂದು ರೇಡಿಯೊ ಕೂಗಿತು. ಮಕ್ಕಳು ಕರೆಯುತ್ತಾರೆಂದು ಕಾದಿದ್ದೆ. ನಿನ್ನ ದನಿ ಬಂತು. ಫೋನಿನಲ್ಲಿ ನನಗೆ ಎಂದೂ ತಿಳಿದಿರಲಿಲ್ಲ ಐಲಿ, ರೇಡಿಯೊದಲ್ಲಿ ನಿನ್ನದು ತೀರಾ ನಿನ್ನಮ್ಮನ ದನಿ. ಏನು ಹೇಳಬೇಕೆಂದು ತೋಚದೆ ದಿನಾ ಓದುವುದನ್ನೇ ಓದಿದೆ: ಹಡಗಿನ ಹೆಸರು, ಎಲ್ಲಿದ್ದೇವೆ, ಗಾಳಿ ಎತ್ತಣದ್ದು. ಆ ಮೇಲೆ ಕೆಲ್ಸಿ ಎನ್ನುವ ಹುಡುಗಿ "ಇಷ್ಟೇನಾ?" ಎಂದಳು. ನಮ್ಮ ಚಕ್ರ ಹಿಡಿದವನು ನಕ್ಕು ನಕ್ಕು ದಾರಿ ತಪ್ಪಿಸುವುದರಲ್ಲಿದ್ದ. ಕ್ಯಾಪ್ಟನ್ ಬಂದು ನಿಮಗಾಗಿ ಸಿಳ್ಳು ಊದಿಸದಿದ್ದರೆ ನನ್ನ ಮಾನ ಉಳಿಯುತ್ತಿರಲಿಲ್ಲ.

ಇಷ್ಟೇ ಅಲ್ಲ. ನಿನ್ನಮ್ಮನ ರೇಡಿಯೊ ಕೇಳುವುದಕ್ಕೆ ಮಾತ್ರ ಬರುತ್ತಿತ್ತು, ಅದರಿಂದ ಮಾತಾಡಲು ಆಗುತ್ತಿರಲಿಲ್ಲ. ನಾನು ಭೂಶಿರ ಸುತ್ತುವಾಗಲೆಲ್ಲ ಬೇಕಾದದ್ದಕ್ಕಿಂತ ನಿಧಾನವಾಗಿ ಓದುತ್ತಿದ್ದೆ. ಬೇರೆ ಹಡಗಿನವರು "ನಿದ್ದೆ ಮಾಡ್ತಿದೀಯೇನೋ ಕೆಸ್ತಿ?" ಎನ್ನುತ್ತಿದ್ದರು. ಅವಳು ಕೇಳಲಿ ಎಂದು ಹಾಗೆ ಓದುತ್ತಿದ್ದೆ. ಅವಳು ಒಲೆಯ ಮುಂದಿದ್ದಾಳೋ, ಅಂಗಡಿಗೆ ಹೋಗಿದ್ದಾಳೋ ನನಗೆ ಹೇಗೆ ತಿಳಿಯಬೇಕು? ಇಷ್ಟು ವರ್ಷ ಓದಿದ್ದರಲ್ಲಿ ಆ ದಡದಿಂದ ಉತ್ತರ ಬಂದದ್ದು ನಿನ್ನೆಯೇ ಮೊದಲು.

ಅವಳು ಹೋದ ದಿನವೂ ನಾವು ಅಲ್ಲೇ ಹಾದುಹೋದೆವು. ನನಗೆ ಗೊತ್ತಿರಲಿಲ್ಲ. ನಾನು ಮನೆ ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು, ನೀನು ನನ್ನ ಜೊತೆ ಮಾತಾಡಲಿಲ್ಲ. ಕೇಳಬೇಕೆಂದು ಎರಡು ವರ್ಷದಿಂದ ಬಾಯಿಗೆ ಬರುವುದು, ಹಿಂದೆ ಹೋಗುವುದು. ಆ ದಿನ ರೇಡಿಯೊ ಹಾಕಿತ್ತೇ?

ನಿನ್ನ ಅಪ್ಪ,
ರೈನೊ

*

ಐರನ್ ಕೋವ್
೧೦ ಡಿಸೆಂಬರ್

ಅಪ್ಪಾ,

ಹಾಕಿತ್ತು.

ನೀನು ಭೂಶಿರ ಸುತ್ತುವ ಹೊತ್ತು ಅಮ್ಮನಿಗೆ ಯಾವಾಗಲೂ ಹೇಗೋ ತಿಳಿಯುತ್ತಿತ್ತು. ಒಲೆ ಆರಿಸಿ, ನನ್ನ ಬಾಯಿ ಮುಚ್ಚಿಸಿ ಕಿಟಕಿಯ ಹತ್ತಿರ ನಿಂತುಬಿಡುತ್ತಿದ್ದಳು. "ಸುಮ್ನಿರೇ, ನಿಮ್ಮಪ್ಪ ಓದ್ತಿದಾರೆ" ಎನ್ನುತ್ತಿದ್ದಳು. ಗಾಳಿಯ ಸುದ್ದಿ ಕೇಳಿ ಇವಳಿಗೇನು ಬಂತು ಎಂದು ನನಗೆ ಸಿಟ್ಟು ಬರುತ್ತಿತ್ತು. ಆ ದಿನ ಏಳಲು ಆಗುತ್ತಿರಲಿಲ್ಲ, ಅದಕ್ಕೇ ರೇಡಿಯೊವನ್ನು ಮಂಚದ ಪಕ್ಕಕ್ಕೆ ತಂದಿಟ್ಟಿದ್ದೆ. ನಿನ್ನ ದನಿ ಬಂತು. ನಿಧಾನವಾಗಿಯೇ ಓದಿದೆ. ಅಮ್ಮ ಕಣ್ಣು ತೆರೆದು ಆ ಕಡೆ ತಿರುಗಿದಳು, ಓದಿ ಮುಗಿಯುವ ತನಕ ಹಾಗೇ ಇದ್ದಳು. "ನಿಧಾನ ಓದ್ತಾರೆ, ನೋಡು" ಎಂದಳು. ಆ ಮೇಲೆ ಮಾತಾಡಲಿಲ್ಲ.

ನಿನ್ನ ಹಡಗು ಕಿಟಕಿಯಿಂದ ಕಾಣುತ್ತಿತ್ತು. ಇಷ್ಟು ಹತ್ತಿರವಿದ್ದೂ ನೀನು ಇಳಿದು ಬರಲಿಲ್ಲ ಎಂದು ನನ್ನ ಕೋಪ. ಹಡಗು ಬಸ್ಸಲ್ಲ, ಕೂಗಿದರೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಕೋಪ. ಆ ರೇಡಿಯೊ ಕಂಡಾಗಲೆಲ್ಲ ಅದೇ ದನಿ ಕಿವಿಗೆ ಬರುತ್ತಿತ್ತು. ತಡೆಯಲಾರದೆ ಕೊಟ್ಟೆ. ನೀನು ನಿಧಾನವಾಗಿ ಓದುತ್ತಿದ್ದದ್ದು ಯಾಕೆಂದು ನನಗೆ ಮೊನ್ನೆ ನಿನ್ನ ಕಾಗದ ಬರುವ ತನಕ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ನಿನ್ನ ಕಾಗದ ಓದಿ ವಿಮಾ ಕಚೇರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಯಾಕೆಂದು ಕೇಳಿದರು. ಹೇಳಲು ಹೋದರೆ ಬಲೂನಿನಿಂದ ಶುರುಮಾಡಬೇಕಿತ್ತು, ಬಿಟ್ಟೆ. ಇವರು ಹುಡುಕಿ ಬಂದದ್ದು ನನ್ನ ಬಾಗಿಲನ್ನೋ ಅಲ್ಲವೋ ಎಂಬುದು ಇನ್ನೂ ತಿಳಿದಿಲ್ಲ. ಆದರೆ ನಿನ್ನನ್ನು ಕರೆದ ದಿನ ಮಕ್ಕಳು ನಾನು ಮೈಕು ಹಿಡಿಯದೆ ಬಿಡಲಿಲ್ಲ, "ಮಿಸ್, ನೀವೇ ಕರೀರಿ" ಎಂದು ಕೈಗೆ ತುರುಕಿದರು. ಅವರಿಗೆ ಗೊಂದಲವಿದ್ದಂತೆ ಕಾಣಲಿಲ್ಲ.

ವರ್ನಾ ಟೀಚರ್ ನಿನಗೆಂದು ಒಂದು ಸ್ವೆಟರ್ ಹೆಣೆದಿದ್ದಾರೆ. ಬಣ್ಣ ನೋಡಿ ನಗಬೇಡ.

ಜನವರಿಯಲ್ಲಿ ಬಾ. ಏಪ್ರಿಲ್‌ನಲ್ಲಿ ಮತ್ತೆ ಹಡಗು ಹತ್ತಿ ಭೂಶಿರ ಸುತ್ತುವಾಗ ಮೊದಲಿನ ಹಾಗೇ ನಿಧಾನವಾಗಿ ಓದು. ಯಾರು ನಕ್ಕರೂ ಅವಸರ ಮಾಡಬೇಡ. ನಾನು ತರಗತಿಯನ್ನು ಸುಮ್ಮನಿರಿಸಿರುತ್ತೇನೆ.

ನಿನ್ನ ಮಗಳು,
ಐಲಿ